ಲೇತ್ ಕೊಟ್ಟನೋ, ಇಲ್ಲವೋ?

ನಮ್ಮ ತುಮಕೂರು ರಸ್ತೆಯ ಆಸುಪಾಸಿನಲ್ಲಿ ಸಿನಿಮಾ ಕತೆ ಇಲ್ಲದ ಮನುಷ್ಯ ಸಿಗುವುದು ಈಗ ಕಷ್ಟ. ದಾಸರಹಳ್ಳಿಯಲ್ಲಿ ನನ್ನ ತಲೆಗೂದಲು ಕತ್ತರಿಸುವವನ ಹತ್ತಿರ ಒಂದಿದೆ; ಅದರಲ್ಲಿ ವಿಲನ್ನಿನ ಕತ್ತು ಮೂರು ಸಲ ನಾಯಕನ ರೇಜರಿನ ಕೆಳಗೆ ಬರುತ್ತದೆ, ನಾಯಕ ಮೂರು ಸಲವೂ ನುಣ್ಣಗೆ ಶೇವಿಂಗ್ ಮಾಡಿ ಕಳಿಸುತ್ತಾನೆ. ಎಂಟನೇ ಮೈಲಿಯ ದರ್ಶಿನಿಯ ಕ್ಯಾಷಿಯರ್ ಹತ್ತಿರ ಎರಡಿವೆ, ಒಂದು ಹಾರರ್, ಒಂದು ಫ್ಯಾಮಿಲಿ. ರಾತ್ರಿ ಪಾಳಿಯ ಸೆಕ್ಯುರಿಟಿಯವರೊಬ್ಬರು ಗೇಟಿನ ಬಳಿ ಕೂತು ಬರೆದದ್ದು ಎರಡನೇ ನೋಟ್‌ಬುಕ್ಕಿಗೆ ದಾಟಿದೆ. ಎಲ್ಲರ ಕತೆಯೂ ಇಂಟರ್ವಲ್‌ವರೆಗೆ ಬಲು ಸೊಗಸು. ಹೇಳುವವರ ಕಣ್ಣು ಅಗಲವಾಗುತ್ತದೆ, ಕೈ ಗಾಳಿಯಲ್ಲೇ ಕ್ಯಾಮೆರಾ ಹಿಡಿಯುತ್ತದೆ, ಕಾಫಿ ಆರಿಹೋಗುತ್ತದೆ. ‘ಆಮೇಲೆ?’ ಎಂದಿರೋ, ಮುಖ ಸಪ್ಪಗಾಗುತ್ತದೆ. ‘ಆಮೇಲೆ ಇದ್ದೇ ಇದೆಯಲ್ಲ ಸಾರ್, ಕ್ಲೈಮ್ಯಾಕ್ಸು’ ಎನ್ನುತ್ತಾರೆ, ಅದನ್ನು ಬೇರೆ ಯಾರೋ ಬರೆದುಕೊಡುತ್ತಾರೆಂಬ ಧೈರ್ಯದಲ್ಲಿ.

ಹಾಗೆ ಬರೆದುಕೊಡುವ ‘ಬೇರೆ ಯಾರೋ’ ಆಗುವ ಯೋಗ ನನಗೆ ಬಂದದ್ದು ಅಕ್ಕನ ಮಗನಿಂದ. ಅವನ ಮನೆ ನಾಗಸಂದ್ರದಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೆಂಗಳೂರಿನ ಈ ಮೂಲೆಯಲ್ಲಿ ಹಲ್ಲುಜ್ಜಿ ಆ ಮೂಲೆಯಲ್ಲಿ ಕಂಪ್ಯೂಟರ್ ತೆರೆಯುವವನು. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ಹಸಿರು ರೈಲು ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಾಯಿಸಿ, ಫೋನಿನಲ್ಲಿ ಚಿತ್ರಕಥೆ ಬರೆಯುತ್ತಾ ಹೋಗುತ್ತಾನೆ. ಅದಕ್ಕೆ ಮೊದಲು ಕಂಪನಿ ಬಸ್ಸಿನಲ್ಲಿ ಬರೆಯುತ್ತಿದ್ದ. ಆಗಿನ ದೃಶ್ಯಗಳಲ್ಲಿ ಪಾತ್ರಗಳು ಏನೂ ಮಾಡದೆ ಸುಮ್ಮನೆ ಕೂತಿರುವುದು ಜಾಸ್ತಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ ಜಾಮಿನ ಪ್ರಭಾವ ಇರಬೇಕು. ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಕತೆ ಪೀಣ್ಯದ್ದಾದ್ದರಿಂದ ‘ಮಾವ, ನೀವೊಂದ್ಸಲ ನೋಡಿ’ ಎಂದು ತಂದ.

ಕತೆ ಇಷ್ಟು. ಪೀಣ್ಯ ಎರಡನೇ ಹಂತದ ಒಳರಸ್ತೆಯಲ್ಲಿ ಶೀಟು ಹೊದಿಸಿದ ಶೆಡ್ಡು, ಒಳಗೆ ಮೂರು ಲೇತ್. ಅದರಲ್ಲೊಂದು ಹರಿಹರದ ಮೈಸೂರು ಕಿರ್ಲೋಸ್ಕರ್. ಅದನ್ನು ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು, ಲೇತ್ ಮಾತ್ರ ಇನ್ನೂ ತಿರುಗುತ್ತಿದೆ. ತಿರುಗಿಸುವವನು ಈರಣ್ಣ, ಹಿರಿಯೂರು ಕಡೆಯವನು. ಮೊದಲ ದೃಶ್ಯದಲ್ಲಿ ಹುಡುಗನೊಬ್ಬ ತಂದ ಬುಶ್ಶನ್ನು ಮೈಕ್ರೋಮೀಟರಿನಲ್ಲಿ ಅಳೆದು ಪಕ್ಕಕ್ಕಿಡುತ್ತಾನೆ: ‘ಪಾಯಿಂಟ್ ಜೀರೋ ಟು ಜಾಸ್ತಿ.’ ಓನರ್ ನಕ್ಕು, ‘ಶೆಡ್ ಮುಚ್ಚೋ ದಿನ ಈ ಲೇತ್ ನಿನಗೇ ಕಣಯ್ಯ ಈರಣ್ಣ, ತಗೊಂಡ್ಹೋಗು’ ಎನ್ನುತ್ತಾನೆ. ಮುಂದಿನದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತಿರುವುದೇ: ಪಕ್ಕದ ಶೆಡ್ಡಿಗೆ ಸಿಎನ್‌ಸಿ ಬರುತ್ತದೆ, ಜಾಬ್ ವರ್ಕ್ ಕಡಿಮೆಯಾಗುತ್ತದೆ, ಕಳಿಸಿದ ಬಿಲ್ಲಿಗೆ ದುಡ್ಡು ಬರುವುದಿಲ್ಲ, ಬ್ಯಾಂಕಿನ ಕಂತು ಮಾತ್ರ ತಪ್ಪದೆ ಬರುತ್ತದೆ. ಓನರ್ ಶೆಡ್ ಮಾರುತ್ತಾನೆ. ಕೊನೆಯದಾಗಿ ಇನ್ನೂರು ಬುಶ್ಶಿನ ಒಂದು ಆರ್ಡರ್ ಬಾಕಿ. ಗುಜರಿಯವನು ಬಂದು ಲೇತಿನ ಮೈಮೇಲೆ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ ಬರೆದು ಹೋಗುತ್ತಾನೆ. ಇಂಟರ್ವಲ್. ನನಗೆ ಗಂಟಲು ಕಟ್ಟಿತು. ಆಮೇಲೆ? ‘ಅದನ್ನೇ ಕೇಳೋಣ ಅಂತ ಬಂದೆ ಮಾವ.’

ಅಷ್ಟರಲ್ಲೇ ಅವನು ಒಂದು ಕೊನೆ ಬರೆದಿದ್ದ. ಅದರಲ್ಲಿ ದೊಡ್ಡದೊಂದು ಕಾರು ಬರುತ್ತದೆ. ಜರ್ಮನಿಯ ಕಂಪನಿಯೊಂದರ ಕನ್ನಡಿಗ ಮೇಲಧಿಕಾರಿ ಇಳಿದು, ‘ಈ ಬುಶ್ ಮಾಡಿದ ಕೈ ಯಾವುದು?’ ಎಂದು ಕೇಳಿ, ಐದು ವರ್ಷದ ಆರ್ಡರ್ ಕೊಟ್ಟು, ಈರಣ್ಣನ ಕೈಗೆ ಮುತ್ತಿಟ್ಟು ಹೋಗುತ್ತಾನೆ. ಈ ಕಾರನ್ನು ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಅಡ್ಡಗಟ್ಟಿದ್ದ. ಗ್ರೀಕರ ರಂಗದಲ್ಲಿ ಒಂದು ಕ್ರೇನ್ ಇರುತ್ತಿತ್ತು. ಕತೆ ಬಿಡಿಸಲಾರದಷ್ಟು ಸಿಕ್ಕಾದಾಗ ಅದರಿಂದ ಒಬ್ಬ ದೇವರನ್ನು ಕೆಳಗಿಳಿಸಿ ಎಲ್ಲವನ್ನೂ ಸರಿಮಾಡಿಸುವುದು ನಾಟಕಕಾರರ ಉಪಾಯ. ಯೂರಿಪಿಡೀಸನ ಮೀಡಿಯಾ ಕೊನೆಗೆ ರಥವೇರಿ ಪಾರಾಗುವುದೂ ಹಾಗೆಯೇ. ಕತೆಯ ಗಂಟು ಕತೆಯೊಳಗಿನಿಂದ ಬಿಚ್ಚಬೇಕೇ ಹೊರತು ಕ್ರೇನಿನಿಂದಲ್ಲ ಎಂದು ಅರಿಸ್ಟಾಟಲ್ ಹೇಳಿದ. ಮೂವತ್ತು ಚಿಲ್ಲರೆ ವರ್ಷ ಓವರ್‌ಹೆಡ್ ಕ್ರೇನುಗಳ ಕೆಳಗೆ ಓಡಾಡಿದ ನನಗೆ ಅದರಲ್ಲಿ ದೇವರು ಇಳಿದದ್ದು ನೆನಪಿಲ್ಲ. ಇಳಿದದ್ದೆಲ್ಲ ಕಬ್ಬಿಣವೇ.

ಕಾರು ಹೋಯಿತು, ಸಾವು ಬಂತು. ಈರಣ್ಣ ಇನ್ನೂರನೆಯ ಬುಶ್ ಮುಗಿಸಿ ಲೇತಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಾನೆ, ಹಿನ್ನೆಲೆಯಲ್ಲಿ ಕೊಳಲು. ಅಳಿಯ ಇದನ್ನು ಓದಿ ಮುಗಿಸಿದಾಗ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: ‘ಯಾಕೆ, ಏನಾಗಿತ್ತು ಅವನಿಗೆ? ಚೆನ್ನಾಗೇ ಇದ್ನಲ್ಲ!’ ಪ್ರಶ್ನೆ ಆರೋಗ್ಯ ಇಲಾಖೆಯದಾದರೂ ವಿಮರ್ಶೆ ಪೂರ್ತಿ ಅದರೊಳಗಿತ್ತು.

ಅವನ ಜೊತೆ ಸೇರಿ ಬರೆಯುವ ಹುಡುಗಿಯೊಬ್ಬಳಿದ್ದಾಳೆ, ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಬಳಿ ಕೆಲಸ. ಭಾನುವಾರ ಪಟ್ಟಂದೂರು ಅಗ್ರಹಾರದಲ್ಲಿ ನೇರಳೆ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ ನಮ್ಮ ಮನೆಗೆ ಬರುತ್ತಾಳೆ. ಕಾರಿಗೂ ಸಾವಿಗೂ ಅವಳ ಒಪ್ಪಿಗೆಯಿಲ್ಲ. ‘ಓಪನ್ ಎಂಡಿಂಗ್ ಇರ್ಲಿ ಅಂಕಲ್. ನಮ್ಮ ಕಡೆ ಯಾವುದಕ್ಕೂ ಕೊನೆ ಅಂತ ಇರೋದೇ ಇಲ್ಲ. ಶುಕ್ರವಾರ ಪಕ್ಕದಲ್ಲಿ ಕೂತು ಊಟ ಮಾಡ್ದೋರು ಸೋಮವಾರ ಇರಲ್ಲ. ಐಡಿ ಕಾರ್ಡು ಬಾಗಿಲು ತೆಗೆಯಲ್ಲ, ಅಷ್ಟೇ’ ಎಂದಳು. ಈ ಮಾತನ್ನು ತಳ್ಳಿಹಾಕುವುದು ನನ್ನಿಂದ ಸುಲಭವಾಗಲಿಲ್ಲ. ನಮ್ಮ ಕಡೆಯೂ ಅಷ್ಟೇ. ಜಾಲಹಳ್ಳಿಯಲ್ಲಿ ಅರವತ್ತರ ದಶಕದಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರಗಳ ಕಾರುಬಾರನ್ನು ಮುಚ್ಚುವುದಾಗಿ 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅದಕ್ಕೂ ಎಷ್ಟೋ ಮುಂಚೆಯೇ ಅದು ಒಂದೊಂದೇ ಮೆಟ್ಟಿಲಾಗಿ ಇಳಿಯುತ್ತಿತ್ತು. ಇಂಥ ದಿನ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದು. ನನ್ನ ಜನತಾ ಗಡಿಯಾರಕ್ಕೆ ಈಗಲೂ ಬೆಳಿಗ್ಗೆ ಕೀಲಿ ಕೊಡುತ್ತೇನೆ, ಓಡುತ್ತದೆ. ಕಾರ್ಖಾನೆಗಳಿಗೆ ಕೊನೆ ಇರುತ್ತದೆ, ಕ್ಲೈಮ್ಯಾಕ್ಸ್ ಇರುವುದಿಲ್ಲ.

ಆದರೂ ನಾನು ಒಪ್ಪಲಿಲ್ಲ. ಬದುಕು ಅರ್ಧಕ್ಕೆ ನಿಲ್ಲುತ್ತದೆಂದು ಕತೆಯೂ ನಿಲ್ಲಬೇಕಾಗಿಲ್ಲ. ಹಾಗೆ ನಿಲ್ಲದಿರಲಿ ಎಂದೇ ಅಲ್ಲವೇ ಜನ ಟಿಕೆಟ್ ತೆಗೆದುಕೊಳ್ಳುವುದು? ತೆರೆದ ಕೊನೆ ಎಂದು ಹೊಗಳಿಸಿಕೊಂಡ ಒಳ್ಳೆಯ ಚಿತ್ರಗಳನ್ನು ನೋಡಿ, ಅವು ಅಷ್ಟೇನೂ ತೆರೆದಿರುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ (1977) ತಲೆ ಬೋಳಿಸಿಕೊಂಡ ಯಮುನಕ್ಕ ಮರದ ಕೆಳಗೆ ಕೂತಿದ್ದಾಳೆ, ಹುಡುಗ ನಾಣಿ ಅಪ್ಪನ ಜೊತೆ ಊರಿಗೆ ಹೊರಟುಹೋಗುತ್ತಾನೆ. ಮುಂದೆ ಅವಳೇನಾದಳು ಎಂದು ಚಿತ್ರ ಹೇಳುವುದಿಲ್ಲ. ಆದರೆ ಊರು ತೀರ್ಪು ಕೊಟ್ಟಾಗಿದೆ, ಅವಳ ಪಾಲಿಗಿದ್ದ ಒಬ್ಬನೇ ಜೊತೆಗಾರನನ್ನು ಕರೆದೊಯ್ದಾಗಿದೆ. ಹೇಳಲು ಉಳಿದದ್ದೇನೂ ಇಲ್ಲ. ಬರೆಯುವವನಿಗೆ ಏನು ಮಾಡಬೇಕೆಂದು ತೋಚದೆ ಎದ್ದುಹೋಗುವುದು ಬೇರೆ, ಇದು ಬೇರೆ.

‘ಹಂಗಾದ್ರೆ ಟ್ವಿಸ್ಟ್ ಮಾವ. ಪೂರ್ತಿ ಈರಣ್ಣನ ಕನಸು!’ ಎಂದ ಅಳಿಯ. ಇವನು ಪವನ್ ಕುಮಾರ್ ಅವರ ‘ಲೂಸಿಯಾ’ ನೋಡಿ ಬೆಳೆದ ತಲೆಮಾರು. 2013ರಲ್ಲಿ ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿ ತೆಗೆದ ಆ ಚಿತ್ರದಲ್ಲಿ ಚಿತ್ರಮಂದಿರದಲ್ಲಿ ಟಾರ್ಚು ಹಿಡಿಯುವ ಹುಡುಗನೊಬ್ಬ, ಅವನದೇ ಮುಖದ ಸಿನಿಮಾ ತಾರೆಯೊಬ್ಬ. ಕೊನೆಯಲ್ಲಿ ನಮ್ಮ ಲೆಕ್ಕ ತಲೆಕೆಳಗಾಗುತ್ತದೆ. ಯಾರೂ ಮೋಸ ಹೋದೆವೆನ್ನಲಿಲ್ಲ. ಏಕೆಂದರೆ ನಿದ್ದೆಯ ಮಾತ್ರೆಯನ್ನು ಶುರುವಿನಲ್ಲೇ ನಮ್ಮ ಕಣ್ಣೆದುರಿಗೆ ಕೊಟ್ಟಿದ್ದರು, ಎರಡರಲ್ಲೊಂದು ಕನಸೆಂದು ನಮಗೆ ಗೊತ್ತೇ ಇತ್ತು. ಯಾವುದು ಎನ್ನುವುದಷ್ಟೇ ಬಾಕಿ. ಈರಣ್ಣ ಇಡೀ ಕತೆಯಲ್ಲಿ ಒಂದು ಸಲವೂ ಆಕಳಿಸಿಲ್ಲ.

ಗಾಂಧಿನಗರದಲ್ಲಿ ಒಂದು ಮಾತಿದೆ, ನಮ್ಮ ಜನಕ್ಕೆ ಸುಖಾಂತವೇ ಆಗಬೇಕು ಎಂದು. ಈ ಮಾತು ಎಲ್ಲಿಂದ ಬಂತೋ ನನಗೆ ಬಗೆಹರಿದಿಲ್ಲ. 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜೀವ ತಾನು ಸಾಕಿ ಬೆಳೆಸಿದವರಿಂದಲೇ ಆರೋಪ ಹೊತ್ತು, ಕಟ್ಟಿದ ಮನೆ ಬಿಟ್ಟು ನಡೆದುಹೋಗುತ್ತಾನೆ, ಹಿಂದಿರುಗಿ ಬರುವುದಿಲ್ಲ. ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದೇ ವರ್ಷದ ‘ನಾಗರಹಾವು’ ಚಿತ್ರದುರ್ಗದ ಬಂಡೆಯ ಮೇಲೆ ಮೂರು ಸಾವಿನಲ್ಲಿ ಮುಗಿಯುತ್ತದೆ. 2006ರ ‘ಮುಂಗಾರು ಮಳೆ’ಯಲ್ಲಿ ನಾಯಕಿ ಬೇರೊಬ್ಬನನ್ನು ಮದುವೆಯಾಗುತ್ತಾಳೆ, ಸಾಲದ್ದಕ್ಕೆ ಮೊಲವೂ ಸಾಯುತ್ತದೆ. ಇವು ಯಾವುವೂ ಸೋತ ಚಿತ್ರಗಳಲ್ಲ, ನಾಡು ಹೊತ್ತು ಮೆರೆಸಿದವು. ನಮ್ಮ ಪ್ರೇಕ್ಷಕ ಕೇಳುವುದು ಸುಖವನ್ನಲ್ಲ. ಈ ಮನುಷ್ಯ ಹೀಗೆಯೇ ಮಾಡುತ್ತಿದ್ದ ಎಂದು ಒಪ್ಪಿ ಏಳುವ ಅವಕಾಶವನ್ನು.

ದೊರೈ–ಭಗವಾನ್ ಅವರ ‘ಕಸ್ತೂರಿ ನಿವಾಸ’ವನ್ನು (1971) ನಾನು ಇವೆಲ್ಲಕ್ಕಿಂತ ಒಂದು ತೂಕ ಹೆಚ್ಚಿಗೆ ಇಡುತ್ತೇನೆ. ಅದೂ ಕಾರ್ಖಾನೆಯ ಕತೆ ಎಂಬ ಅಭಿಮಾನ ಇರಬಹುದು. ಬೆಂಕಿಪೆಟ್ಟಿಗೆ ಕಾರ್ಖಾನೆಯ ಮಾಲೀಕ ರವಿವರ್ಮ (ರಾಜಕುಮಾರ್), ಕೇಳಿದವರಿಗೆ ಇಲ್ಲವೆನ್ನಲು ಬಾರದವನು. ಅವನ ಕೈಕೆಳಗೆ ಬೆಳೆದವನು ಬೇರೆ ಕಾರ್ಖಾನೆ ಹಾಕಿ ಮೇಲೇರುತ್ತಾನೆ, ಇವನದು ಇಳಿಯುತ್ತದೆ. ಕೊನೆಗೆ ಮನೆಯೂ ಹೋಗಿ, ಒಂದು ಪಾರಿವಾಳ ಉಳಿದಿದೆ. ತನ್ನನ್ನು ಕಾಣಲು ಬಂದ ನೀಲಾ ಎಂಬಾಕೆಗೆ ಊಟ ಹಾಕಲು ಅದನ್ನೂ ಕಳೆದುಕೊಳ್ಳುತ್ತಾನೆ. ಉಂಡಾದ ಮೇಲೆ ಅವಳು ಹೇಳುತ್ತಾಳೆ: ಬಂದದ್ದು ಅದೇ ಪಾರಿವಾಳ ಕೇಳಲು, ಮಗುವಿಗಾಗಿ. ಕೊಡುವುದಕ್ಕೇ ಹುಟ್ಟಿದವನು, ಇರುವ ಒಂದನ್ನೂ ಕೊಡಲಾಗದೆ ಹೋದಾಗ ಇನ್ನೇನು ಮಾಡಿಯಾನು? ಸಾಯುತ್ತಾನೆ. ಆ ಸಾವು ಕಾಯಿಲೆಯಿಂದ ಬಂದದ್ದಲ್ಲ, ಗುಣದಿಂದ ಬಂದದ್ದು. ‘ರಾಜಕುಮಾರ್ ಸತ್ತಾಗ ಏನಾಗಿತ್ತು ಅವನಿಗೆ ಅಂತ ನೀನು ಕೇಳಲಿಲ್ಲವಲ್ಲ’ ಎಂದು ಹೆಂಡತಿಯನ್ನು ಕೆಣಕಿದೆ. ‘ಅಯ್ಯೋ, ಅದು ಬೇರೆ’ ಎಂದಳು. ಎಲ್ಲಿ ಬೇರೆ ಎನ್ನುವುದನ್ನು ಕಂಡುಹಿಡಿದವನಿಗೆ ಚಿತ್ರಕಥೆ ಬರೆಯಲು ಬಂತು ಎನ್ನಬಹುದು.

ಇದೇ ಅಚ್ಚಿನ ಕತೆಯೊಂದು ಹದಿನಾಲ್ಕನೇ ಶತಮಾನದ ಇಟಲಿಯ ಬೊಕಾಚಿಯೋನ ‘ಡೆಕಮೆರಾನ್’ನಲ್ಲಿದೆ. ಅಲ್ಲಿ ಫೆಡೆರಿಗೋ ಎಂಬ ಸರದಾರ, ಪ್ರೀತಿಗಾಗಿ ಆಸ್ತಿಯನ್ನೆಲ್ಲ ಕರಗಿಸಿ ಬಡವನಾದವನು. ಅವನಿಗೆ ಉಳಿದಿರುವುದು ಒಂದು ಬೇಟೆಯ ಗಿಡುಗ. ಪ್ರೀತಿಸಿದವಳು ಮನೆಗೆ ಬಂದಳೆಂದು ಅದನ್ನೇ ಕೊಯ್ದು ಬಡಿಸುತ್ತಾನೆ. ಅವಳು ಕೇಳಲು ಬಂದದ್ದೂ ಆ ಗಿಡುಗವನ್ನೇ, ಕಾಯಿಲೆ ಬಿದ್ದ ಮಗನಿಗಾಗಿ. ಮಗ ಉಳಿಯುವುದಿಲ್ಲ. ಆದರೆ ಕತೆ ಮುಗಿಯುವುದು ಅವರಿಬ್ಬರ ಮದುವೆಯಲ್ಲಿ! ಅಲ್ಲಿ ಮದುವೆ, ಇಲ್ಲಿ ಮರಣ, ಎರಡೂ ಒಪ್ಪುತ್ತವೆ. ಅಲ್ಲಿ ಬದಲಾಗಬೇಕಾದವಳು ಹೆಣ್ಣು: ದುಡ್ಡಿಲ್ಲದ ಗಂಡಸಿನ ಬೆಲೆ ಅವಳಿಗೆ ತಿಳಿಯಬೇಕಿತ್ತು, ತಿಳಿಯಿತು. ಇಲ್ಲಿ ರವಿವರ್ಮ ಕೊನೆಯವರೆಗೂ ಬದಲಾಗದಿರುವುದೇ ಕತೆ. ಗಿಡುಗವೋ ಪಾರಿವಾಳವೋ, ಹಕ್ಕಿ ನೆಪ. ಕತೆ ಯಾರದೆಂದು ಗೊತ್ತಾದರೆ ಕೊನೆ ತಾನಾಗಿ ಸಿಗುತ್ತದೆ.

ನಮ್ಮ ಹಿಂದಿನವರಿಗೂ ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಎದುರಾಗಿತ್ತು. ವ್ಯಾಸರ ಭಾರತ ಪಾಂಡವರನ್ನು ಹಿಮಾಲಯದಲ್ಲಿ ಒಬ್ಬೊಬ್ಬರಾಗಿ ಬೀಳಿಸಿಕೊಂಡು ಹೋಗುತ್ತದೆ. ಕುಮಾರವ್ಯಾಸ ಹತ್ತು ಪರ್ವ ಹಾಡಿ ಧರ್ಮರಾಯನಿಗೆ ಪಟ್ಟ ಕಟ್ಟಿ ಕೈತೊಳೆದುಕೊಂಡ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ, ಓದುವವರು ಮಾತ್ರ ಕಡಿಮೆ. ರನ್ನ ಇನ್ನೂ ಜಾಣ: ‘ಗದಾಯುದ್ಧ’ದಲ್ಲಿ ಕೊನೆಯನ್ನೇ ಕಾವ್ಯವಾಗಿಸಿ, ಹಿಂದಿನ ಭಾರತವನ್ನೆಲ್ಲ ಸಿಂಹಾವಲೋಕನದಲ್ಲಿ ತುಂಬಿಬಿಟ್ಟ. ಇಂಟರ್ವಲ್ ಆದಮೇಲೆ ತೋಚುವುದಿಲ್ಲ ಎನ್ನುವವರು ಓದಬೇಕಾದ ಕವಿ. ಕಾರ್ನಾಡರ ‘ನಾಗಮಂಡಲ’ದಲ್ಲಂತೂ ಕತೆ ಕೇಳುತ್ತಿರುವ ನಾಟಕಕಾರನೇ ಕೊನೆ ಸರಿಯಿಲ್ಲವೆಂದು ತಕರಾರು ತೆಗೆಯುತ್ತಾನೆ; ಸತ್ತ ನಾಗ ಮತ್ತೊಂದು ಕೊನೆಯಲ್ಲಿ ರಾಣಿಯ ಹೆರಳಿನಲ್ಲಿ ಜೀವಂತ ಉಳಿಯುತ್ತದೆ.

ಇನ್ನು ಪುಣ್ಯಕೋಟಿ. ಹಸು ಕೊಟ್ಟ ಮಾತಿನಂತೆ ಹಿಂದಿರುಗಿ ಬಂತು, ಅಲ್ಲಿಗೆ ಹಸುವಿನ ಕೆಲಸ ಮುಗಿಯಿತು. ಆದರೆ ಹಾಡು ಕಟ್ಟಿದವನ ಕೈಯಲ್ಲಿ ಹಸಿದ ಹುಲಿಯೊಂದು ಉಳಿದಿದೆಯಲ್ಲ! ತಿಂದರೆ ಕೇಳಿದ ಮಕ್ಕಳು ಮಲಗುವುದಿಲ್ಲ. ಬರಿದೇ ಬಿಟ್ಟು ಕಳಿಸಿದರೆ ಹುಲಿ ಹುಲಿಯಲ್ಲ. ಅದು ತಾನೇ ಪ್ರಾಣ ಬಿಡುವುದನ್ನು ಯಾವ ಅನಾಮಿಕ ಬರೆದನೋ, ಚಿತ್ರಕಥೆಯ ಪಾಠಗಳಲ್ಲಿ ಅವನ ಹೆಸರು ಮೊದಲು ಬರಬೇಕಿತ್ತು. ಈಚೆಗೆ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಹುಲಿ ಸಾಯದೆ ಹಸು ಕರುಗಳ ಜೊತೆ ಕೈಹಿಡಿದು ಕುಣಿಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದರ ಹಸಿವು ಏನಾಯಿತೆಂದು ಯಾರೂ ಕೇಳಲಿಲ್ಲ. ಕೇಳುವ ವಯಸ್ಸಿನವರೆಲ್ಲ ವೇದಿಕೆಯ ಮೇಲಿದ್ದರು.

ಇಷ್ಟೆಲ್ಲ ಪಾಂಡಿತ್ಯದಿಂದಲೂ ಈರಣ್ಣನ ಕೊನೆ ಒಂದಿಂಚು ಮುಂದೆ ಹೋಗಲಿಲ್ಲ. ಕಡೆಗೆ ಇಬ್ಬರನ್ನೂ ಎನ್‌ಟಿಟಿಎಫ್ ವೃತ್ತದ ಬಳಿ ಟೀ ಅಂಗಡಿಗೆ ಕರೆದುಕೊಂಡು ಹೋದೆ. ನಮ್ಮ ಕಾರ್ಖಾನೆಯಲ್ಲಿದ್ದ ಟರ್ನಿಂಗ್ ಮೇಸ್ತ್ರಿ ಸಂಜೆ ಅಲ್ಲಿ ಸಿಗುತ್ತಾರೆ. ಅಳಿಯ ಕತೆ ಹೇಳಿದ. ಮೇಸ್ತ್ರಿ ಬನ್ನನ್ನು ಟೀಯಲ್ಲಿ ಅದ್ದಿಕೊಂಡು ಪೂರ್ತಿ ಕೇಳಿ, ಬಾಯಿ ಒರೆಸಿಕೊಂಡು ಒಂದೇ ಮಾತು ಕೇಳಿದರು.

‘ಅದ್ಸರಿ, ಲೇತ್ ಕೊಟ್ನಾ?’

‘ಯಾವ ಲೇತ್?’

‘ನಿನ್ ಕತೇಲೇ ಕಣಪ್ಪ! ಶುರೂನಲ್ಲೇ ಅಂದ್ನಲ್ಲ ಓನರ್ರು, ಮುಚ್ಚೋ ದಿನ ಲೇತ್ ನಿಂಗೇ ಅಂತ. ಕೊಟ್ನೋ, ಇಲ್ವೋ?’

ಅಳಿಯ ಆ ಸಾಲು ಬರೆದದ್ದು ಓನರ್ ಒಳ್ಳೆಯವನೆಂದು ತೋರಿಸಲು, ಅಷ್ಟೇ. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ ಬರೆದ ರಕಮಿಗೆ ಇನ್ನೊಂದು ಕಡೆ ಜಮಾ ತೋರಿಸದೆ ವರ್ಷ ಮುಗಿಸಲು ಬರುವುದಿಲ್ಲ. ಮೇಸ್ತ್ರಿ ಮೊದಲ ಪುಟದ ಬಾಕಿಯನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೇ ಉಳಿದ ಕತೆಯನ್ನೆಲ್ಲ ಕೇಳಿದ್ದರು. ಚಿತ್ರಕಥೆಯ ಅಮೆರಿಕದ ಗುರು ಸಿಡ್ ಫೀಲ್ಡ್, ಮೊದಲ ದೃಶ್ಯ ಬರೆಯುವ ಮೊದಲೇ ಕೊನೆ ಗೊತ್ತಿರಬೇಕು ಎನ್ನುತ್ತಾನೆಂದು ಅಳಿಯ ನನಗೆ ಎಷ್ಟೋ ಸಲ ಹೇಳಿದ್ದ. ಗೊತ್ತಿಲ್ಲದೆ ಬರೆದಿದ್ದರೂ ಕೊನೆ ಅಲ್ಲೇ ಬಂದು ಕೂತಿತ್ತು.

‘ಕೊಟ್ಟ’ ಎಂದ ಅಳಿಯ, ತಡಮಾಡದೆ.

‘ಸರಿ, ಕೊಟ್ಟ. ಈರಣ್ಣನ ಮನೆ ಎಲ್ಲಿ?’

‘ಲಗ್ಗೆರೆ. ಬಾಡಿಗೆ ರೂಮು.’

ಮೇಸ್ತ್ರಿ ನಗಲು ಶುರುಮಾಡಿದರು. ‘ಟನ್ ಮೇಲೆ ತೂಗ್ತದೆ ಕಣಪ್ಪ ಅದು. ರೂಮಿನ ಗೋಡೆ ಒಡೀಬೇಕು. ತ್ರೀ ಫೇಸ್ ಕನೆಕ್ಷನ್ನು ಮನೆ ಓನರಮ್ಮ ಹಾಕಿಸ್ಕೊಡ್ತಾಳಾ?’

ಅಲ್ಲಿಂದ ಕತೆ ತಾನೇ ಉರುಳಿತು. ಓನರ್ ಮಾತು ಉಳಿಸಿಕೊಳ್ಳುತ್ತಾನೆ. ಉಳಿಸಿಕೊಂಡ ಮಾತು ಈರಣ್ಣನ ತಲೆಯ ಮೇಲೆ ಟನ್ ಭಾರವಾಗಿ ಕೂರುತ್ತದೆ. ಇಡಲು ಜಾಗವಿಲ್ಲ, ಬಿಡಲು ಮನಸ್ಸಿಲ್ಲ. ಕೇಳಿದವರೆಲ್ಲ ಅಯ್ಯೋ ಎನ್ನುತ್ತಾರೆ, ಯಾರೂ ಜಾಗ ಕೊಡುವುದಿಲ್ಲ. ಕಡೆಗೆ ಅವನೇ ಟೆಂಪೋ ಮಾಡಿಕೊಂಡು ಅದೇ ಗುಜರಿಯವನ ಹತ್ತಿರ ಒಯ್ಯುತ್ತಾನೆ. ಗುಜರಿಯವನಿಗೆ ಇಂಥ ಮುದುಕರು ಹೊಸಬರಲ್ಲ. ಅಳುತ್ತಾ ಬರುತ್ತಾರೆ, ಕೊಟ್ಟಷ್ಟು ಇಸಕೊಂಡು ಹೋಗುತ್ತಾರೆ. ಈರಣ್ಣ ಅಳುವುದಿಲ್ಲ. ಬೆಡ್ಡಿನ ಬೀಡು ಕಬ್ಬಿಣಕ್ಕೆ ಒಂದು ರೇಟು, ಸ್ಪಿಂಡಲ್ ಉಕ್ಕಿಗೆ ಒಂದು ರೇಟು, ಮೋಟರಿನ ತಾಮ್ರಕ್ಕೆ ಬೇರೆ ರೇಟು ಎಂದು ಕೂರುತ್ತಾನೆ. ವೇ ಬ್ರಿಡ್ಜಿನ ಚೀಟಿ ನೋಡಿ, ‘ನಲವತ್ತು ಕೇಜಿ ಕಡಿಮೆ ಬಂದದೆ’ ಎನ್ನುತ್ತಾನೆ. ಗುಜರಿಯವನು, ಅವನ ಹುಡುಗರು, ಟೆಂಪೋ ಡ್ರೈವರು ಎಲ್ಲ ನಗುತ್ತಾರೆ. ಖಾಲಿ ಗಾಡಿ ಇನ್ನೊಂದು ಸಲ ತೂಗಿಸು ಎಂದು ಈರಣ್ಣ ಹಟ ಹಿಡಿಯುತ್ತಾನೆ. ತೂಗಿಸುತ್ತಾರೆ. ನಲವತ್ತೇ. ಪಾಯಿಂಟ್ ಜೀರೋ ಟು ಬಿಟ್ಟುಕೊಡದವನು ನಲವತ್ತು ಕೇಜಿ ಬಿಟ್ಟಾನೆಯೇ?

ಇದು ಮೇಸ್ತ್ರಿಗೆ ಹಿಡಿಸಿತು. ‘ಸಾಯೋದೂ ಬೇಡ, ಉದ್ಧಾರ ಆಗೋದೂ ಬೇಡ. ಮೋಸ ಹೋಗ್ಲಿಲ್ವಲ್ಲ, ಸಾಕು’ ಎಂದರು. ಲೇತ್ ಹೋಯಿತಲ್ಲ ಎಂಬ ಕೊರಗು ನನ್ನ ಹೆಂಡತಿಗೆ ಇನ್ನೂ ಇದೆ. ಆದರೆ ಏನಾಗಿತ್ತು ಅವನಿಗೆ ಎಂದು ಕೇಳಲಿಲ್ಲ. ವೈಟ್‌ಫೀಲ್ಡಿನ ಹುಡುಗಿ ಮಾತ್ರ ಟೀ ಲೋಟ ಕೆಳಗಿಟ್ಟು, ‘ಆ ದುಡ್ಡಲ್ಲಿ ಏನು ಮಾಡ್ತಾನೆ?’ ಎಂದಳು. ‘ಅದು ನಿಮ್ಗ್ಯಾಕಮ್ಮ? ಅವ್ನ ದುಡ್ಡು’ ಎಂದರು ಮೇಸ್ತ್ರಿ. ಅವಳು ಕೇಳುತ್ತಿದ್ದ ಓಪನ್ ಎಂಡಿಂಗೂ ಅಲ್ಲಿಗೆ ಸಿಕ್ಕಿತು.

ಚಿತ್ರಕಥೆ ಬರೆದು ಮುಗಿದಿದೆ. ನಿರ್ಮಾಪಕರು ಸಿಕ್ಕಿಲ್ಲ; ಒಬ್ಬರು ಓದಿ, ಕೊನೆಯಲ್ಲಿ ಒಂದು ಕಾರು ಬಂದರೆ ನೋಡೋಣ ಎಂದರಂತೆ. ಕಾರು ಬರುವುದಿಲ್ಲ. ಹುಡುಗರು ತಮ್ಮ ಸಂಬಳದಲ್ಲೇ ತೆಗೆಯುತ್ತೇವೆಂದು ಕೂತಿದ್ದಾರೆ. ಓದುಗರಲ್ಲಿ ಯಾರ ಶೆಡ್ಡಿನಲ್ಲಾದರೂ ಇನ್ನೂ ತಿರುಗುವ ಹಳೆಯ ಹರಿಹರದ ಲೇತ್ ಇದ್ದರೆ, ನಾಲ್ಕು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವ ಮನಸ್ಸಿದ್ದರೆ, ದಯವಿಟ್ಟು ತಿಳಿಸಿ. ಸಾಗಿಸುವ ಖರ್ಚು, ತೂಕ ಮಾಡಿಸುವ ಖರ್ಚು ನಮ್ಮದು. ಶೂಟಿಂಗ್ ಮುಗಿದ ಮೇಲೆ ಲೇತನ್ನು ಖಂಡಿತ ಹಿಂದಿರುಗಿಸುತ್ತೇವೆ.